ಹಳೇ ನಾಮಿನಿ, ಹೊಸ ಸಂಸಾರ: ಓದುಗರ ಪ್ರಶ್ನೆ, ವಕೀಲರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಸಂಕಟ ಹೇಳುತ್ತವೆ. ಮದುವೆಯಾಗಿದೆ, ಮಕ್ಕಳಾಗಿವೆ, ವಿಚ್ಛೇದನವಾಗಿದೆ, ಮನೆಯ ಹಿರಿಯರು ತೀರಿಕೊಂಡಿದ್ದಾರೆ. ಆದರೆ ಪಿಎಫ್, ಎಲ್‌ಐಸಿ, ಬ್ಯಾಂಕು, ಪಹಣಿ ಎಲ್ಲದರಲ್ಲೂ ಹಳೇ ಹೆಸರೇ ಕೂತಿದೆ. ಶಿವಮೊಗ್ಗದ ಕೋರ್ಟಿನಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲ ಸಿವಿಲ್ ದಾವೆಗಳನ್ನೇ ನಡೆಸಿದವಳು ನಾನು. ಅತ್ತೆ ಸೊಸೆ, ಅಣ್ಣ ತಮ್ಮ ಎದುರುಬದುರಾಗಿ ನಿಲ್ಲುವುದನ್ನು ನೋಡಿದಾಗ, ಇದರ ಹಿಂದೆ ದುರಾಸೆಗಿಂತ ಯಾರೋ ತಿದ್ದಿಸದೆ ಬಿಟ್ಟುಹೋದ ಒಂದು ಫಾರಂ ಇರುವುದೇ ಹೆಚ್ಚು. ಹಾಗಾಗಿ ಮೊದಲ ಪತ್ರಕ್ಕೆ ವಿವರವಾಗಿಯೇ ಬರೆಯುತ್ತಿದ್ದೇನೆ. ಉತ್ತರಾಧಿಕಾರದ ಬಗ್ಗೆ ಇಲ್ಲಿ ಹೇಳಿರುವುದು ಹಿಂದೂ ಕಾನೂನಿಗೆ ಒಳಪಟ್ಟವರಿಗೆ. ಮುಸ್ಲಿಂ, ಕ್ರೈಸ್ತ ಓದುಗರಿಗೆ ಬೇರೆ ನಿಯಮಗಳಿವೆ.

ಪ್ರಶ್ನೆ: ಮೇಡಂ, ನನಗೆ 33 ವರ್ಷ. ನಮ್ಮ ಯಜಮಾನರು ಹರಿಹರದ ಹತ್ತಿರ ಒಂದು ಖಾಸಗಿ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ನಾಲ್ಕು ತಿಂಗಳ ಹಿಂದೆ ಹೃದಯಾಘಾತವಾಗಿ ತೀರಿಕೊಂಡರು. ಮಗಳು ಎರಡನೇ ಕ್ಲಾಸು, ಮಗ ಅಂಗನವಾಡಿಗೆ ಹೋಗುತ್ತಾನೆ. ಮಾವ ಇಲ್ಲ, ಅತ್ತೆ ನಮ್ಮ ಜೊತೆಗೇ ಇದ್ದಾರೆ. ಈಗ ನೋಡಿದರೆ ಪಿಎಫ್‌ನಲ್ಲೂ ಎಲ್‌ಐಸಿಯಲ್ಲೂ ಅತ್ತೆಯವರ ಹೆಸರಿದೆ, ಬ್ಯಾಂಕಿನ ಎಫ್‌ಡಿಗೆ ನಾದಿನಿ ನಾಮಿನಿ. ಎಲ್ಲ ಮದುವೆಗೆ ಮುಂಚೆ ಮಾಡಿಸಿದ್ದು. ನಾದಿನಿಯ ಗಂಡ "ನಾಮಿನಿ ಯಾರೋ ದುಡ್ಡು ಅವರದ್ದೇ, ಕೋರ್ಟಿಗೆ ಹೋದರೂ ಅಷ್ಟೇ" ಅನ್ನುತ್ತಾರೆ. ದಾವಣಗೆರೆಯಲ್ಲಿ ಇವರ ಹೆಸರಿಗೆ ಒಂದು ಸೈಟಿದೆ. ಉಯಿಲು ಬರೆದಿಲ್ಲ. ಅತ್ತೆ ಒಳ್ಳೆಯವರೇ, ಆದರೆ ಅಳಿಯನ ಮಾತಿಗೆ ಎದುರು ಹೇಳುತ್ತಿಲ್ಲ. ನಾನೀಗ ಏನು ಮಾಡಲಿ?
(ಹೆಸರು ಬೇಡ, ದಾವಣಗೆರೆ)

ಉತ್ತರ: ತಂಗೀ, ಮೊದಲು ಧೈರ್ಯ ತಂದುಕೊಳ್ಳಿ. ನಾದಿನಿಯ ಗಂಡ ಹೇಳಿದ್ದು ತಪ್ಪು. ನಾಮಿನಿ ಅಂದರೆ ಹಣವನ್ನು ಬ್ಯಾಂಕಿನಿಂದ ಪಡೆದುಕೊಳ್ಳುವ ಕೈ, ಅಷ್ಟೇ. ಆ ಕೈಯಿಂದ ಅದು ವಾರಸುದಾರರಿಗೆ ಸೇರಬೇಕು. ಬ್ಯಾಂಕ್ ಠೇವಣಿಯ ವಿಷಯದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲೇ ಇದನ್ನು ಸ್ಪಷ್ಟವಾಗಿ ಹೇಳಿದೆ. ಷೇರುಗಳ ವಿಷಯದಲ್ಲೂ 2023ರ ಡಿಸೆಂಬರ್‌ನಲ್ಲಿ ಹೀಗೇ ತೀರ್ಪು ಬಂತು. ಉಯಿಲು ಇಲ್ಲದೆ ಗಂಡಸು ತೀರಿಕೊಂಡರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಮೊದಲ ದರ್ಜೆಯ ವಾರಸುದಾರರು ಅವರ ತಾಯಿ, ಹೆಂಡತಿ, ಮಕ್ಕಳು. ನಿಮ್ಮ ಮನೆಯಲ್ಲಿ ಅತ್ತೆ, ನೀವು, ಮಗಳು, ಮಗ, ನಾಲ್ವರಿಗೂ ಸಮಪಾಲು. ತಂಗಿ ಈ ಪಟ್ಟಿಯಲ್ಲಿಲ್ಲ. ಎಫ್‌ಡಿ ಹಣ ನಿಮ್ಮ ನಾದಿನಿಯ ಖಾತೆಗೆ ಬಂದರೂ ಅದರಲ್ಲಿ ಅವರಿಗೆ ಒಂದು ರೂಪಾಯಿಯೂ ಸ್ವಂತದ್ದಲ್ಲ.

ಪಿಎಫ್ ಲೆಕ್ಕ ಬೇರೆ, ಮತ್ತು ಅದು ನಿಮ್ಮ ಪರವಾಗಿಯೇ ಇದೆ. ಪಿಎಫ್ ಯೋಜನೆಯ ನಿಯಮದಲ್ಲಿ, ಸದಸ್ಯ ಮದುವೆಯಾದ ಮೇಲೆ ಹೊಸದಾಗಿ ನಾಮಿನಿ ಮಾಡಬೇಕು, ಮದುವೆಗೆ ಮುಂಚಿನದು ಅಸಿಂಧು ಎಂದು ಬರೆದೇ ಇದೆ. ಅಂದರೆ ಕೆಲಸಕ್ಕೆ ಸೇರಿದ ದಿನ ಹೆಚ್‌ಆರ್ ಮೇಜಿನ ಮುಂದೆ ನಿಂತು, ಸಂಬಂಧ ಅನ್ನುವ ಕಾಲಂನಲ್ಲಿ "ತಾಯಿ" ಎಂದು ಅವಸರದಲ್ಲಿ ತುಂಬಿದ ಆ ಫಾರಂಗೆ ಈಗ ಬೆಲೆಯಿಲ್ಲ. ಸಿಂಧುವಾದ ನಾಮಿನಿ ಇಲ್ಲದಾಗ ಹಣ ಕುಟುಂಬದವರಿಗೆ ಸಮನಾಗಿ ಹೋಗುತ್ತದೆ: ನೀವು, ಇಬ್ಬರು ಚಿಕ್ಕ ಮಕ್ಕಳು, ಮಗನನ್ನೇ ಅವಲಂಬಿಸಿದ್ದ ತಾಯಿ. ಪಿಎಫ್ ಕಚೇರಿಯಲ್ಲಿ "ನಾಮಿನಿ ಬಂದು ಸಹಿ ಹಾಕಲಿ" ಎಂದರೆ, ಮದುವೆ ಪ್ರಮಾಣಪತ್ರ ಅಥವಾ ಲಗ್ನಪತ್ರಿಕೆ, ಮಕ್ಕಳ ಜನನ ಪ್ರಮಾಣಪತ್ರ ಮುಂದಿಟ್ಟು ಈ ನಿಯಮವನ್ನೇ ತೋರಿಸಿ ಲಿಖಿತ ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ.

ಪಿಎಫ್ ಹಣ ಬಿಡಿಸಿಕೊಂಡು ಮನೆಗೆ ಬರುವವರೇ ಹೆಚ್ಚು. ಅದರ ಜೊತೆಗೇ ಇನ್ನೂ ಎರಡು ಬರಬೇಕು. ಒಂದು, ವಿಧವಾ ಪಿಂಚಣಿ, ಮಕ್ಕಳಿಬ್ಬರಿಗೂ 25 ವರ್ಷ ತುಂಬುವವರೆಗೆ ಮಕ್ಕಳ ಪಿಂಚಣಿ. ಇದಕ್ಕೆ 10-ಡಿ ಫಾರಂ. ಇನ್ನೊಂದು ಇಡಿಎಲ್‌ಐ ಎಂಬ ವಿಮೆ. ಕೆಲಸದಲ್ಲಿದ್ದಾಗಲೇ ತೀರಿಕೊಂಡವರ ಕುಟುಂಬಕ್ಕೆ ಗರಿಷ್ಠ 7 ಲಕ್ಷದವರೆಗೆ ಬರುತ್ತದೆ, ಫಾರಂ 5-ಐಎಫ್. ಪಿಎಫ್ ಮೊತ್ತಕ್ಕೆ ಫಾರಂ 20. ಮೂರನ್ನೂ ಒಟ್ಟಿಗೆ ಕೊಡಿ. ಕಾರ್ಖಾನೆಯವರಿಂದ ಗ್ರಾಚ್ಯುಟಿಯನ್ನೂ ಕೇಳಿ. "ಐದು ವರ್ಷ ಆಗಿರಲಿಲ್ಲ" ಎಂದು ಯಾರಾದರೂ ವಾಪಸ್ ಕಳಿಸಿದರೆ ಒಪ್ಪಬೇಡಿ, ಮರಣದ ಸಂದರ್ಭದಲ್ಲಿ ಐದು ವರ್ಷದ ಷರತ್ತು ಇಲ್ಲ. ಮತ್ತೆ, ಅವರ ಉಳಿತಾಯ ಖಾತೆಯ ಪಾಸ್‌ಬುಕ್ ಎಂಟ್ರಿ ಹಾಕಿಸಿ ಮೇ ತಿಂಗಳ ಕೊನೆಯ ಸಾಲುಗಳನ್ನು ಬೆರಳಿಟ್ಟು ನೋಡಿ. 436 ರೂಪಾಯಿ ಕಡಿತವಾಗಿದ್ದರೆ ಅದು ಪ್ರಧಾನಮಂತ್ರಿ ಜೀವನ್ ಜ್ಯೋತಿ ವಿಮೆಯ ಕಂತು. 2 ಲಕ್ಷ ರೂಪಾಯಿ ಬರಬೇಕು. ಎಷ್ಟೋ ಮನೆಗಳಲ್ಲಿ ಇದು ಗೊತ್ತೇ ಆಗದೆ ಉಳಿದುಹೋಗುತ್ತದೆ.

ಎಲ್‌ಐಸಿ ಸ್ವಲ್ಪ ತೊಡಕಿನದು. 2015ರಲ್ಲಿ ವಿಮಾ ಕಾಯ್ದೆಗೆ ತಿದ್ದುಪಡಿಯಾಗಿ, ತಂದೆ ತಾಯಿ, ಗಂಡ ಹೆಂಡತಿ, ಮಕ್ಕಳು ನಾಮಿನಿಯಾಗಿದ್ದರೆ ಹಣದ ಲಾಭವೂ ಅವರದ್ದೇ ಎಂಬ ಮಾತು ಸೇರಿತು. ಇದನ್ನು ಹಿಡಿದು ನಿಮ್ಮ ಅತ್ತೆಯವರೇ ಪೂರ್ತಿ ಹಣಕ್ಕೆ ಹಕ್ಕುದಾರರು ಎಂದು ಯಾರಾದರೂ ವಾದಿಸಬಹುದು. ಆದರೆ ನಮ್ಮ ಕರ್ನಾಟಕ ಹೈಕೋರ್ಟ್ 2025ರಲ್ಲಿ ನಿಮ್ಮಂಥದ್ದೇ ಪ್ರಕರಣ ತೀರ್ಮಾನಿಸಿದೆ. ಮದುವೆಗೆ ಮುಂಚೆ ತಾಯಿಯನ್ನು ನಾಮಿನಿ ಮಾಡಿದ್ದವರು, ಮದುವೆಯಾಗಿ ಮಗುವಾದ ಮೇಲೂ ಬದಲಿಸದೆ ತೀರಿಕೊಂಡಿದ್ದರು. ವಾರಸುದಾರರು ತಮ್ಮ ಪಾಲು ಕೇಳಿದರೆ ಈ ತಿದ್ದುಪಡಿ ಅದಕ್ಕೆ ಅಡ್ಡ ಬರುವುದಿಲ್ಲ ಎಂದು ಹೇಳಿ, ತಾಯಿ, ಹೆಂಡತಿ, ಮಗುವಿಗೆ ತಲಾ ಮೂರನೇ ಒಂದು ಪಾಲನ್ನು ಎತ್ತಿಹಿಡಿಯಿತು. ಕೇಳಬೇಕು, ಅದು ಮುಖ್ಯ. ನೀವು ಕೇಳದೆ ಸುಮ್ಮನಿದ್ದರೆ ಎಲ್‌ಐಸಿ ನಾಮಿನಿಗೆ ಕೊಟ್ಟು ಕೈತೊಳೆದುಕೊಳ್ಳುತ್ತದೆ, ಅದು ಕಾನೂನುಬದ್ಧವೇ.

ಇಷ್ಟು ಹೇಳಿದ ಮೇಲೆ ಒಂದು ಮಾತು. ವಕೀಲರ ನೋಟಿಸು ಮೊದಲು ಕಳಿಸಬೇಡಿ. ಅತ್ತೆಯವರ ಜೊತೆ ನೀವೊಬ್ಬರೇ ಕೂತು ಮಾತಾಡಿ. ಮಗನನ್ನು ಕಳೆದುಕೊಂಡ ಆ ತಾಯಿಗೆ, ನಾಳೆ ತನ್ನನ್ನು ಯಾರು ನೋಡಿಕೊಳ್ಳುತ್ತಾರೆ ಎಂಬ ಭಯ ಇದ್ದೇ ಇರುತ್ತದೆ. ಅಳಿಯನ ಎದುರು ಸುಮ್ಮನಿರುವುದಕ್ಕೆ ಅದೇ ಕಾರಣ ಇರಬಹುದು. "ಅಮ್ಮಾ, ನಾಲ್ಕರಲ್ಲಿ ಒಂದು ಪಾಲು ನಿಮ್ಮದೇ, ಅದನ್ನು ನಾನು ಮುಟ್ಟುವುದಿಲ್ಲ" ಎಂದು ನೀವೇ ಬಾಯಿಬಿಟ್ಟು ಹೇಳಿ. ಈ ಒಂದು ಮಾತಿನಿಂದ ಮುಗಿದುಹೋದ ವ್ಯಾಜ್ಯಗಳನ್ನು ನಾನು ಬಲ್ಲೆ. ಒಪ್ಪಿದರೆ ನಾಲ್ಕು ಪಾಲಿನ ಲೆಕ್ಕವನ್ನು ಬರಹದಲ್ಲಿ ಇಟ್ಟುಕೊಳ್ಳಿ, ಮಕ್ಕಳ ಪಾಲನ್ನು ಅವರ ಹೆಸರಿಗೇ ಠೇವಣಿ ಮಾಡಿ. ಒಪ್ಪದಿದ್ದರೆ, ಎಫ್‌ಡಿ ಹಣ ಬಿಡುಗಡೆಯಾಗುವ ಮುಂಚೆಯೇ ತಡೆಯಾಜ್ಞೆ ಕೇಳಬೇಕಾಗುತ್ತದೆ. ಆಗ ತಡ ಮಾಡಬೇಡಿ.

ಸೈಟಿಗೆ: ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಕ್ರಯಪತ್ರ ಇಟ್ಟು ಪಾಲಿಕೆಯಲ್ಲಿ ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಹೆಸರಿನ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸಲು, ಅರ್ಜಿ ಕೊಡಿ. ವಂಶವೃಕ್ಷದಲ್ಲಿ ನಾಲ್ವರ ಹೆಸರೂ, ಮಕ್ಕಳ ಹೆಸರಿನ ಅಕ್ಷರವೂ ಆಧಾರ್‌ನಲ್ಲಿದ್ದಂತೆಯೇ ಇರಲಿ. ಖಾತೆಯಾದ ಮೇಲೆ ಯಾರಾದರೂ "ಒಳ್ಳೇ ರೇಟು ಬಂದಿದೆ, ಮಾರಿಬಿಡಿ" ಅಂದರೆ ನೆನಪಿರಲಿ, ಅಪ್ರಾಪ್ತ ಮಕ್ಕಳ ಪಾಲು ಮಾರಲು ತಾಯಿಗೂ ನ್ಯಾಯಾಲಯದ ಅನುಮತಿ ಬೇಕು. ಅನುಮತಿಯಿಲ್ಲದೆ ಮಾರಿದರೆ ಮಗುವಿನ ಪರವಾಗಿ ಅದನ್ನು ರದ್ದು ಮಾಡಿಸಬಹುದು.

ನೀವು ಕೇಳದೇ ಇರುವುದನ್ನೂ ಹೇಳುತ್ತೇನೆ. ನಿಮ್ಮ ಸ್ವಂತ ಖಾತೆ, ನಿಮ್ಮ ಪಾಲಿಸಿ, ಅಂಚೆ ಕಚೇರಿಯ ಸುಕನ್ಯಾ ಪುಸ್ತಕ ಎಲ್ಲ ತೆಗೆದು ನೋಡಿ. ನಿಮ್ಮ ಖಾತೆಗಳಿಗೆ ನಾಮಿನಿಯಾಗಿ ತೀರಿಕೊಂಡ ನಿಮ್ಮ ಯಜಮಾನರ ಹೆಸರೇ ಇರುತ್ತದೆ. ಮಕ್ಕಳನ್ನು ನಾಮಿನಿ ಮಾಡಿ, ಅವರು ಚಿಕ್ಕವರಾದ್ದರಿಂದ ಹಣ ಪಡೆಯಲು ನಂಬಿಕಸ್ಥ ದೊಡ್ಡವರೊಬ್ಬರ ಹೆಸರು ಕೊಡಿ. ಜೊತೆಗೆ ಒಂದು ಚಿಕ್ಕ ಉಯಿಲು ಬರೆಯಿರಿ. ಗಂಡನನ್ನು ಕಳೆದುಕೊಂಡ ತಾಯಿ ತನ್ನ ನಂತರ ಮಕ್ಕಳಿಗೆ ಪೋಷಕರು ಯಾರು ಎಂದು ಉಯಿಲಿನಲ್ಲಿ ನೇಮಿಸಬಹುದು, 1956ರ ಅಪ್ರಾಪ್ತತೆ ಮತ್ತು ಪೋಷಕತ್ವ ಕಾಯ್ದೆಯಲ್ಲಿ ಆ ಅಧಿಕಾರ ನಿಮಗಿದೆ. 33ರಲ್ಲೇ ಉಯಿಲೇ ಎಂದು ಮನಸ್ಸು ಹಿಂಜರಿಯಬಹುದು. ಇಬ್ಬರು ಮಕ್ಕಳ ತಾಯಿಗೆ ಇದು ಬೇಕೇ ಬೇಕು.

ಪ್ರಶ್ನೆ: ಕಳೆದ ವೈಶಾಖದಲ್ಲಿ ಮದುವೆಯಾಯಿತು. ಆಧಾರ್, ಪ್ಯಾನ್‌ನಲ್ಲಿ ಹೆಸರಿನ ಮುಂದೆ ಅಪ್ಪನ ಇನಿಷಿಯಲ್ ಇದೆ. ಗಂಡನ ಹೆಸರು ಸೇರಿಸದಿದ್ದರೆ ಮುಂದೆ ತೊಂದರೆ ಎಂದು ಎಲ್ಲರೂ ಹೆದರಿಸುತ್ತಿದ್ದಾರೆ. ಬದಲಿಸಲೇಬೇಕೇ?
(ಖಾಸಗಿ ಕಂಪನಿ ಉದ್ಯೋಗಿ, ಮೈಸೂರು)

ಉತ್ತರ: ಬೇಕಿಲ್ಲ. ಮದುವೆಯಾದ ಹೆಣ್ಣು ಹೆಸರು ಬದಲಿಸಬೇಕು ಎಂದು ಯಾವ ಕಾನೂನೂ ಹೇಳುವುದಿಲ್ಲ. ನನ್ನ ಸಲಹೆಯೂ ಬದಲಿಸಬೇಡಿ ಎಂದೇ. ನಿಮ್ಮ ಅಂಕಪಟ್ಟಿ, ಪ್ಯಾನ್, ಪಿಎಫ್, ಬ್ಯಾಂಕು ಎಲ್ಲದರಲ್ಲೂ ಒಂದೇ ಹೆಸರಿದೆ; ಒಂದು ಕಡೆ ಬದಲಿಸಿದರೆ ಉಳಿದ ಎಲ್ಲ ಕಡೆ ಬದಲಿಸಬೇಕು, ಒಂದು ಮರೆತರೂ ಪಿಎಫ್ ಕ್ಲೇಮು ನಿಲ್ಲುತ್ತದೆ. ಆಧಾರ್‌ನಲ್ಲಿ ಹೆಸರು ತಿದ್ದಲು ಜೀವಮಾನದಲ್ಲಿ ಎರಡೇ ಅವಕಾಶ ಇರುವುದು. ಬದಲಿಸುವ ಆಸೆ ನಿಮ್ಮದೇ ಆಗಿದ್ದರೆ ಮೊದಲು ಆಧಾರ್, ಆಮೇಲೆ ಪ್ಯಾನ್, ಆಮೇಲೆ ಉಳಿದವು.

ಹೆಸರು ಹಾಗೇ ಇರಲಿ, ಮದುವೆಯನ್ನು ಮಾತ್ರ ಉಪ ನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಿ. ಇಬ್ಬರೂ ಪಿಎಫ್ ಪೋರ್ಟಲ್‌ಗೆ ಹೋಗಿ ಇ-ನಾಮಿನೇಶನ್ ಹೊಸದಾಗಿ ಮಾಡಿ. ಮೇಲಿನ ಪತ್ರ ಓದಿದ ನಿಮಗೆ ಯಾಕೆಂದು ಮತ್ತೆ ಹೇಳಬೇಕಿಲ್ಲ.

ಪ್ರಶ್ನೆ: ನನಗೆ 42. ಎರಡು ವರ್ಷದ ಹಿಂದೆ ಪರಸ್ಪರ ಒಪ್ಪಿಗೆಯಿಂದ ವಿಚ್ಛೇದನವಾಯಿತು. 11 ವರ್ಷದ ಮಗ ಅವನ ತಾಯಿಯ ಜೊತೆ ಇದ್ದಾನೆ. ಈಗ ಎಂಟು ವರ್ಷದ ಮಗಳಿರುವ ಒಬ್ಬರನ್ನು ಮದುವೆಯಾಗುತ್ತಿದ್ದೇನೆ, ಅವರೂ ವಿಚ್ಛೇದಿತರು. ಮೊದಲ ಮದುವೆಯಾದ ಹೊಸತರಲ್ಲಿ ಎಲ್ಲವೂ ಹೆಂಡತಿಗೆ ಎಂದು ಉಯಿಲು ಬರೆದಿದ್ದೆ. ಡಿಕ್ರಿ ಆದ ಮೇಲೆ ಅದು ತಾನಾಗಿಯೇ ರದ್ದಾಗಿದೆ ತಾನೆ? ಹುಬ್ಬಳ್ಳಿಯ ಫ್ಲಾಟಿನ ಸಾಲ ಇಬ್ಬರ ಹೆಸರಿನಲ್ಲಿದೆ, ಕಂತು ನಾನೇ ಕಟ್ಟುತ್ತಿದ್ದೇನೆ.
(ಹುಬ್ಬಳ್ಳಿ)

ಉತ್ತರ: ಸರ್, ರದ್ದಾಗಿಲ್ಲ. ಡಿಕ್ರಿ ಬಂದರೂ, ನೀವು ಇನ್ನೊಂದು ಮದುವೆಯಾದರೂ ಹಿಂದೂಗಳ ಉಯಿಲು ಹಾಗೇ ಜೀವಂತವಾಗಿರುತ್ತದೆ. ಉಯಿಲು ಇಲ್ಲದಿದ್ದರೆ ವಿಚ್ಛೇದಿತ ಹೆಂಡತಿಗೆ ನಿಮ್ಮ ಆಸ್ತಿಯಲ್ಲಿ ವಾರಸುದಾರಿಕೆ ಇರುತ್ತಿರಲಿಲ್ಲ, ಇರುವುದರಿಂದ ಇದೆ. ಹೊಸದೊಂದು ಬರೆದು, ಅದರ ಮೊದಲ ಸಾಲಿನಲ್ಲೇ ಹಿಂದಿನ ಎಲ್ಲ ಉಯಿಲುಗಳನ್ನೂ ರದ್ದು ಮಾಡಿದ್ದೇನೆ ಎಂದು ಸೇರಿಸಿ. ಹಳೆಯದು ನೋಂದಣಿಯಾಗಿದ್ದರೆ ಅದರ ದಸ್ತಾವೇಜು ಸಂಖ್ಯೆ, ತಾರೀಕು ನಮೂದಿಸಿ, ಹೊಸದನ್ನೂ ನೋಂದಾಯಿಸಿ. ಬ್ಯಾಂಕು, ವಿಮೆ, ಮ್ಯೂಚುವಲ್ ಫಂಡ್ ನಾಮಿನಿಗಳನ್ನೂ ನೀವೇ ಹೋಗಿ ಬದಲಿಸಬೇಕು. ನಿಮ್ಮ ಡಿಕ್ರಿಯನ್ನು ಕೋರ್ಟು ಯಾವ ಬ್ಯಾಂಕಿಗೂ ಕಳಿಸಿಕೊಡುವುದಿಲ್ಲ.

ನಿಮ್ಮ ಪತ್ರದಲ್ಲಿ ನನ್ನ ಮನಸ್ಸಿಗೆ ನಾಟಿದ್ದು ಇಬ್ಬರು ಮಕ್ಕಳು. ನಿಮ್ಮ ಮಗ ಯಾರ ಜೊತೆಗಿದ್ದರೂ ನಿಮ್ಮ ಮೊದಲ ದರ್ಜೆಯ ವಾರಸುದಾರನೇ. ವಿಚ್ಛೇದನ ಗಂಡ ಹೆಂಡಿರ ನಡುವಿನದು, ಮಗನ ಹಕ್ಕನ್ನು ಅದು ಮುಟ್ಟುವುದಿಲ್ಲ. ಆದರೆ ನಿಮ್ಮ ಮನೆಗೆ ಬರಲಿರುವ ಆ ಹುಡುಗಿ, ನಿಮ್ಮನ್ನು ಅಪ್ಪ ಎಂದೇ ಕರೆದು ಬೆಳೆದರೂ ಕಾನೂನಿನ ಲೆಕ್ಕದಲ್ಲಿ ನಿಮ್ಮ ವಾರಸುದಾರಳಲ್ಲ. ನೀವು ಏನೂ ಬರೆಯದೆ ಹೋದರೆ ಅವಳಿಗೆ ನಿಮ್ಮಿಂದ ನೇರವಾಗಿ ಏನೂ ಇಲ್ಲ. ಎರಡು ದಾರಿಗಳಿವೆ. ಉಯಿಲಿನಲ್ಲಿ ಅವಳ ಹೆಸರು ಬರೆದು ಇಂತಿಷ್ಟು ಎಂದು ಕೊಡುವುದು ಒಂದು. ದತ್ತಕ ತೆಗೆದುಕೊಳ್ಳುವುದು ಇನ್ನೊಂದು. ನಿಮಗೆ ಹೆಣ್ಣುಮಗಳಿಲ್ಲ, ಮಗುವಿಗೂ ನಿಮಗೂ 21 ವರ್ಷಕ್ಕಿಂತ ಹೆಚ್ಚು ಅಂತರವಿದೆ, ಅವಳಿಗೆ 15 ತುಂಬಿಲ್ಲ. ಹಾಗಾಗಿ 1956ರ ದತ್ತಕ ಕಾಯ್ದೆಯ ಮುಖ್ಯ ಷರತ್ತುಗಳು ಕೂಡಿಬರುತ್ತವೆ. ಅವಳ ಹೆತ್ತ ತಂದೆ ಬದುಕಿದ್ದರೆ ಅವರ ಒಪ್ಪಿಗೆ ಬೇಕು, ದತ್ತಕ ಪತ್ರವನ್ನು ನೋಂದಾಯಿಸಿ. ಆ ಒಪ್ಪಿಗೆ ಸಿಗದಿದ್ದರೂ ಉಯಿಲಿನ ದಾರಿಯನ್ನು ಯಾರೂ ತಡೆಯಲಾರರು. ಮದುವೆಯ ಓಡಾಟದಲ್ಲಿ ಇದನ್ನು ಮುಂದೂಡಬೇಡಿ.

ಫ್ಲಾಟಿನ ಸಾಲದಲ್ಲಿ ಡಿಕ್ರಿ ಏನೇ ಹೇಳಲಿ, ಬ್ಯಾಂಕಿನ ಕಣ್ಣಿಗೆ ಇಬ್ಬರೂ ಸಾಲಗಾರರೇ. ನಿಮ್ಮೊಬ್ಬರ ಆದಾಯದ ಮೇಲೆ ಸಾಲ ಮರುಮಂಜೂರು ಮಾಡಿಸಿಕೊಂಡು, ಅವರ ಪಾಲಿಗೆ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಬರೆಸಿಕೊಳ್ಳಿ.

ಪ್ರಶ್ನೆ: ನಾನು ಅಮೆರಿಕದಲ್ಲಿದ್ದೇನೆ, ಅಲ್ಲಿನ ಪೌರತ್ವ ಪಡೆದು ಒಸಿಐ (ಸಾಗರೋತ್ತರ ಭಾರತೀಯ ಪೌರ) ಕಾರ್ಡ್ ಮಾಡಿಸಿದ್ದೇನೆ. ತೀರ್ಥಹಳ್ಳಿ ಕಡೆ ಅಪ್ಪಯ್ಯನ ಹೆಸರಿನಲ್ಲಿ ಅವರೇ ಕೊಂಡ ಅಡಿಕೆ ತೋಟವಿದೆ. ಕಳೆದ ವರ್ಷ ಅವರು ಹೋದರು. ಅವರು ನನ್ನ ತಮ್ಮನಿಗೆ ಬರೆದುಕೊಟ್ಟ ಜಿಪಿಎ (ಅವರ ಪರವಾಗಿ ವ್ಯವಹರಿಸುವ ಅಧಿಕಾರಪತ್ರ) ಮೇಲೆಯೇ ಈಗಲೂ ವ್ಯವಹಾರ ನಡೆದಿದೆ. ಅಮ್ಮ ಇದ್ದಾರೆ, ಮದುವೆಯಾದ ಅಕ್ಕ ಇದ್ದಾರೆ. ತೋಟ ತಮ್ಮನಿಗೇ ಇರಲಿ ಎಂಬುದು ನನ್ನ ಆಸೆ.
(ನ್ಯೂಜೆರ್ಸಿ)

ಉತ್ತರ: ಬರೆದುಕೊಟ್ಟವರು ತೀರಿಕೊಂಡ ಕ್ಷಣಕ್ಕೆ ಜಿಪಿಎಯೂ ಮುಗಿಯಿತು. ಅದರ ಮೇಲೆ ಈಗ ಯಾವ ಪತ್ರಕ್ಕೂ ಸಹಿ ಹಾಕಬೇಡ ಎಂದು ತಮ್ಮನಿಗೆ ಇವತ್ತೇ ಫೋನ್ ಮಾಡಿ ಹೇಳಿ. ಆತನಿಗೆ ಕೆಟ್ಟ ಉದ್ದೇಶವಿಲ್ಲದಿದ್ದರೂ ಆ ವ್ಯವಹಾರ ಕಾನೂನಿನ ಮುಂದೆ ನಿಲ್ಲುವುದಿಲ್ಲ, ಮುಂದೆ ಅದೇ ಮೊಕದ್ದಮೆಯಾಗುತ್ತದೆ.

ಮೊದಲು ಪೌತಿ ಖಾತೆ ಆಗಲಿ. ಭೂಕಂದಾಯ ಕಾಯ್ದೆಯಲ್ಲಿ ಹಕ್ಕು ಬಂದ ಮೂರು ತಿಂಗಳೊಳಗೆ ವರದಿ ಕೊಡಬೇಕು. ಅವಧಿ ಮೀರಿದೆ ಎಂದು ಕೈಬಿಡಬೇಡಿ, ಈಗಲೂ ಮಾಡಿಸಬಹುದು. ಪಹಣಿಯಲ್ಲಿ ಅಮ್ಮ, ಅಕ್ಕ, ನೀವು, ತಮ್ಮ, ನಾಲ್ವರ ಹೆಸರೂ ಬರಬೇಕು. ಅಕ್ಕನಿಗೆ ಮದುವೆಯಾಗಿದೆ ಎಂದು ವಂಶವೃಕ್ಷದಿಂದ ಬಿಡುವ ಚಾಳಿ ಮಲೆನಾಡಿನಲ್ಲಿ ಇನ್ನೂ ಇದೆ. ಅಪ್ಪನ ಸ್ವಯಾರ್ಜಿತದಲ್ಲಿ ಮಗಳ ಪಾಲು 1956ರಿಂದಲೇ ಇದೆ. ಪಿತ್ರಾರ್ಜಿತದಲ್ಲೂ ಕರ್ನಾಟಕ 1994ರಲ್ಲಿ, ಇಡೀ ದೇಶ 2005ರಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟಿತು. ಅಕ್ಕನ ಹೆಸರು ಬಿಟ್ಟು ಮಾಡಿದ ಖಾತೆ ಗಟ್ಟಿಯಲ್ಲ.

ಒಸಿಐ ಇದ್ದವರು ಕೃಷಿ ಜಮೀನು ಕೊಳ್ಳುವಂತಿಲ್ಲ, ಆದರೆ ವಾರಸಾಗಿ ಬಂದದ್ದನ್ನು ಇಟ್ಟುಕೊಳ್ಳಬಹುದು. ಖಾತೆಯಾದ ನಂತರ ನಿಮ್ಮ ಪಾಲಿಗೆ ತಮ್ಮನ ಹೆಸರಿಗೆ ಹಕ್ಕು ಬಿಡುಗಡೆ ಪತ್ರ ಮಾಡಿಕೊಡಿ. ಬರಲಾಗದಿದ್ದರೆ ಅಲ್ಲಿನ ಭಾರತೀಯ ಕಾನ್ಸುಲೇಟಿನಲ್ಲಿ ದೃಢೀಕರಿಸಿದ ಪವರ್ ಆಫ್ ಅಟಾರ್ನಿ ಕಳಿಸಿ. ಅದು ಭಾರತಕ್ಕೆ ಮುಟ್ಟಿದ ಮೂರು ತಿಂಗಳೊಳಗೆ ಇಲ್ಲಿ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಅಧಿಕಾರವನ್ನು ತಮ್ಮನಿಗೇ ಕೊಡದೆ ಅಕ್ಕನಿಗೋ ಬೇರೆ ನಂಬಿಕಸ್ಥರಿಗೋ ಕೊಡಿ, ತನಗೆ ತಾನೇ ಬರೆದುಕೊಂಡ ಎಂಬ ಮಾತು ಬರಬಾರದು. ಅಮ್ಮನ ಪಾಲನ್ನು ಮಾತ್ರ ಅವರು ಇರುವವರೆಗೂ ಅವರ ಹೆಸರಿನಲ್ಲೇ ಉಳಿಸಿ. ಊರಿನ ಬ್ಯಾಂಕಿನಲ್ಲಿ ನಿಮ್ಮ ಹಳೇ ಉಳಿತಾಯ ಖಾತೆ ಇದ್ದರೆ ಅದನ್ನು ಅನಿವಾಸಿಗಳಿಗೆಂದು ಇರುವ ಎನ್‌ಆರ್‌ಒ ಖಾತೆಗೆ ಬದಲಿಸುವುದು ಕಡ್ಡಾಯ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ, 71 ವರ್ಷ. ಯಜಮಾನರು ತೀರಿಕೊಂಡು ಒಂದು ವರ್ಷವಾಯಿತು. ಮನೆ ನನ್ನದೇ ಸಂಪಾದನೆಯದು. ಬೆಂಗಳೂರಿನ ಮಗ, "ಈಗಲೇ ದಾನಪತ್ರ ಮಾಡಿಬಿಡು, ಆಮೇಲೆ ರಗಳೆ ಬೇಡ" ಅನ್ನುತ್ತಾನೆ. ಮಗಳು ಇದೇ ಊರಿನಲ್ಲಿದ್ದು ನನ್ನನ್ನು ನೋಡಿಕೊಳ್ಳುತ್ತಾಳೆ, ಬಾಯಿಬಿಟ್ಟು ಏನೂ ಕೇಳುವುದಿಲ್ಲ. ಉಯಿಲು ಸಾಕೇ? ಎದುರುಮನೆಯ ಹೆಡ್‌ಮಾಸ್ತರರು ಸಾಕ್ಷಿ ಹಾಕಬಹುದೇ?
(ಹಾಸನ)

ಉತ್ತರ: ಟೀಚರ್, ದಾನಪತ್ರ ಬೇಡ. ನೋಂದಣಿಯಾದ ಘಳಿಗೆಗೆ ಮನೆ ನಿಮ್ಮದಲ್ಲ. ಮಗ ಒಳ್ಳೆಯವನೇ ಇರಬಹುದು, ಆದರೂ ನಿಮ್ಮ ಸೂರು ಇನ್ನೊಬ್ಬರ ಒಳ್ಳೆಯತನದ ಮೇಲೆ ನಿಲ್ಲಬಾರದು. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನ ಅಡಿಯಲ್ಲಿ, ನೋಡಿಕೊಳ್ಳುವ ಷರತ್ತಿನ ಮೇಲೆ ಕೊಟ್ಟ ದಾನವನ್ನು ಉಪವಿಭಾಗಾಧಿಕಾರಿಗಳ ಎದುರು ರದ್ದು ಮಾಡಿಸಬಹುದು, ನಿಜ. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಈ ಕಾಯ್ದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಓದಬೇಕೆಂದೂ ಹೇಳಿದೆ. ಆದರೆ ಈ ವಯಸ್ಸಿನಲ್ಲಿ ಆ ಕಚೇರಿಯ ಮೆಟ್ಟಿಲು ಹತ್ತಿ ಮಗನ ಎದುರು ನಿಲ್ಲುವ ಸಂದರ್ಭವೇ ನಿಮಗೆ ಬರುವುದು ಬೇಡ.

ಉಯಿಲು ಬರೆಯಿರಿ. ಬಿಳಿ ಹಾಳೆ ಸಾಕು, ಛಾಪಾ ಕಾಗದ ಬೇಕಿಲ್ಲ. ನೋಂದಣಿ ಕಡ್ಡಾಯವಲ್ಲ, ಆದರೂ ಮಾಡಿಸಿ. ಮನಸ್ಸು ಬದಲಾದರೆ ಎಷ್ಟು ಸಲ ಬೇಕಾದರೂ ಬದಲಿಸಬಹುದು, ಕೊನೆಯದೇ ಲೆಕ್ಕ. ಏನೂ ಬರೆಯದಿದ್ದರೆ ಮಗ ಮಗಳಿಗೆ ಸರಿಪಾಲು. ಅದೇ ನಿಮಗೆ ಸರಿ ಅನ್ನಿಸಿದರೂ ಬರೆದೇ ಇಡಿ, ಯಾಕೆಂದರೆ ಬಾಯಿಬಿಟ್ಟು ಕೇಳದ ಮಗಳು ಆಮೇಲೆಯೂ ಕೇಳುವುದಿಲ್ಲ. ಉಯಿಲಿಗೆ ಸಹಿ ಹಾಕುವ ದಿನ ನಿಮ್ಮ ಡಾಕ್ಟರಿಂದ ಮಾನಸಿಕವಾಗಿ ಸ್ವಸ್ಥರಿದ್ದಾರೆ ಎಂಬ ಒಂದು ಚೀಟಿ ಬರೆಸಿಕೊಳ್ಳಿ.

ಬ್ಯಾಂಕಿನಲ್ಲಿ 2025ರ ನವೆಂಬರ್ 1ರಿಂದ ಒಂದು ಖಾತೆಗೆ ನಾಲ್ವರವರೆಗೆ ನಾಮಿನಿ ಮಾಡಬಹುದು, ಯಾರಿಗೆ ಶೇಕಡಾ ಎಷ್ಟು ಎಂದೂ ಬರೆಯಬಹುದು. ಲಾಕರಿಗೆ ಮಾತ್ರ ಒಬ್ಬರ ನಂತರ ಒಬ್ಬರು. ಉಯಿಲಿನಲ್ಲಿ ಬರೆದದ್ದೂ ನಾಮಿನಿಯೂ ಒಂದಕ್ಕೊಂದು ತಾಳೆಯಾಗಲಿ. ಯಜಮಾನರ ಹೆಸರಿನ ಜಂಟಿ ಖಾತೆ ಇನ್ನೂ ಹಾಗೇ ಇದ್ದರೆ ಮರಣ ಪ್ರಮಾಣಪತ್ರ ಕೊಟ್ಟು ನಿಮ್ಮೊಬ್ಬರ ಹೆಸರಿಗೆ ಮಾಡಿಸಿ. ಹತ್ತು ವರ್ಷ ವ್ಯವಹಾರವಿಲ್ಲದೆ ಬಿದ್ದ ಖಾತೆಯ ಹಣ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ಅವರ ಹಳೇ ಖಾತೆಗಳು ಎಲ್ಲಾದರೂ ಉಳಿದಿವೆಯೇ ಎಂದು ರಿಸರ್ವ್ ಬ್ಯಾಂಕಿನ ಉದ್ಗಮ್ ಪೋರ್ಟಲ್‌ನಲ್ಲಿ ಮಗಳಿಂದ ಹುಡುಕಿಸಿ.

ಹೆಡ್‌ಮಾಸ್ತರರು ಸಾಕ್ಷಿ ಹಾಕಬಹುದು. ಇಬ್ಬರು ಸಾಕ್ಷಿಗಳು ಬೇಕು, ಉಯಿಲಿನಿಂದ ಏನೂ ಪಡೆಯದವರಾದರೆ ಒಳ್ಳೆಯದು. ಅವರೂ ನಿಮ್ಮ ವಯಸ್ಸಿನವರಾದರೆ ಇನ್ನೊಬ್ಬರು ನಿಮ್ಮ ಹಳೇ ವಿದ್ಯಾರ್ಥಿಗಳಲ್ಲಿ ಯಾರಾದರೂ ಆಗಲಿ. ತಕರಾರು ಬಂದರೆ ಕೋರ್ಟಿಗೆ ಹಾಜರಾಗಿ, ಟೀಚರ್ ನನ್ನ ಕಣ್ಣೆದುರಿಗೇ ಸಹಿ ಹಾಕಿದರು ಎಂದು ಹೇಳಬೇಕಾದವರು ಆ ಸಾಕ್ಷಿಗಳೇ.